ಹಿಮವದ್ ಗೋಪಾಲಸ್ವಾಮಿ ಬೆಟ್ಟ

ಕವಲಂದೆಯ ಆ ಕುಟುಂಬವು ಕೋಳಿ ಕೂಗುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಹೊರಟಿತು. ಗುಂಡ್ಲುಪೇಟೆಯನ್ನೂ ಹಂಗಳವನ್ನೂ ದಾಟಿದೊಡನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಎದುರಾಯಿತು. ಅದು ಬಂಡೀಪುರದ ಅರಣ್ಯಕ್ಕೆ ಸೇರಿದುದರಿಂದ ಖಾಸಗಿ ವಾಹನಗಳು ಮೇಲೇರುವಂತಿಲ್ಲ. ತಪ್ಪಲಿನಲ್ಲಿ ಎಲ್ಲರೂ ಸರ್ಕಾರಿ ಬಸ್ಸನ್ನು ಹತ್ತಿದರು.

ಹತ್ತು ವರ್ಷದ ಬಾಲೆಗೆ ಇದ್ದುದು ಒಂದೇ ಆಸೆ. ಪಾಠದಲ್ಲಿ ಕಂಡ ಆಫ್ರಿಕದ ಕಿಲಿಮಂಜಾರೊ ಪರ್ವತದಂತೆ ಇಲ್ಲಿಯೂ ಹಿಮವಿರುವುದು, ಅದನ್ನು ಮುಟ್ಟಬೇಕು!

ಶಿಖರದಲ್ಲಿ ಬಿಳಿಯ ತೆರೆಯೊಂದು ವೇಣುಗೋಪಾಲನ ಗುಡಿಯನ್ನು ಮುಸುಕಿತ್ತು. ಬಾಲೆ ಕೈಚಾಚಿದಳು. ಅಂಗೈ ತೇವವಾಯಿತೇ ಹೊರತು ಏನೂ ಸಿಕ್ಕಲಿಲ್ಲ.

“ತಾತ, ಬೆಟ್ಟದ ಹೆಸರೇ ಸುಳ್ಳು!” ಅವಳ ಕಣ್ಣು ತುಂಬಿತು.

ತಾತ ನಕ್ಕರು. “ನಾನೂ ನಿನ್ನ ವಯಸ್ಸಿನಲ್ಲಿ ಹೀಗೆಯೇ ಅತ್ತಿದ್ದೆ. ಆಗ ಗದರಿದರೇ ಹೊರತು ಕಾರಣವನ್ನು ಯಾರೂ ಹೇಳಲಿಲ್ಲ. ಕೇಳು, ಮಗು. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿಯಷ್ಟು ಇಳಿಯುತ್ತದೆ. ಕಿಲಿಮಂಜಾರೊ ಒಂದು ಜ್ವಾಲಾಮುಖಿ. ಎತ್ತರ 5,895 ಮೀಟರ್. ಭೂಮಧ್ಯರೇಖೆಯ ಸಮೀಪದಲ್ಲಿದ್ದರೂ ಅದರ ನೆತ್ತಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ. ಈ ಬೆಟ್ಟದ ಎತ್ತರ 1,454 ಮೀಟರ್ ಮಾತ್ರ. ಇಲ್ಲಿ ನೀರಾವಿಯು ತಣಿದು ಸಣ್ಣ ಹನಿಯಾಗುತ್ತದೆ, ಅಷ್ಟೆ. ಕನ್ನಡದಲ್ಲಿ ಎರಡನ್ನೂ ಮಂಜು ಎನ್ನುತ್ತೇವೆ. ಹೆಸರು ಸುಳ್ಳಲ್ಲ.”

ಅಷ್ಟರಲ್ಲಿ ಗಾಳಿ ಬೀಸಿ ಮಂಜು ಸರಿಯಿತು. ಕೆಳಗಿನ ಹಸಿರು ಇಳಿಜಾರಿನಲ್ಲಿ ಆನೆಗಳ ಹಿಂಡೊಂದು ಮೇಯುತ್ತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು.

ಹಿಂದಿರುಗುವಾಗ ಬಾಲೆ ಪಿಸುಗುಟ್ಟಿದಳು: “ತಾತ, ಕಿಲಿಮಂಜಾರೊ ಮೇಲೆ ನಿಂತರೂ ಇಷ್ಟು ಚೆನ್ನಾಗಿರುತ್ತದೆಯೆ?”

“ನೀನು ಹೋಗಿ ಬಂದು ನನಗೆ ಹೇಳಬೇಕು,” ಎಂದರು ತಾತ.