ದುರ್ಭಿಕ್ಷವೂ ಆಯ್ದಕ್ಕಿಯೂ

ಭಿಕ್ಷೆ ದೊರೆಯುವುದು ದುರ್ಲಭವಾದ ಕಾಲವೇ ದುರ್ಭಿಕ್ಷ. ಸುಲಭವಾಗಿ ದೊರೆಯುವ ಕಾಲ ಸುಭಿಕ್ಷ. ಈ ಪದಗಳು ಅಳೆಯುವುದು ಬೆಳೆಯನ್ನಷ್ಟೇ ಅಲ್ಲ, ಕೊಡುವ ಕೈಯನ್ನೂ ಹೌದು.

2023ರ ಜುಲೈ 20ರಂದು ಭಾರತ ಸರಕಾರವು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಸುದ್ದಿ ಹಬ್ಬಿದೊಡನೆಯೇ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಜನರು ಸೋನಾ ಮಸೂರಿಯ ಚೀಲಗಳಿಗೆ ಮುಗಿಬಿದ್ದರು, ಬೆಲೆಯೇರಿತು, ಕೆಲವು ಅಂಗಡಿಗಳು ಮನೆಗೊಂದೇ ಚೀಲವೆಂದು ಮಿತಿಗೊಳಿಸಿದವು. ಅಂಗಡಿಗೆ ಆಗಲೇ ಬಂದಿದ್ದ ಅಕ್ಕಿ ಆಜ್ಞೆಯಿಂದ ಕರಗಿರಲಿಲ್ಲ. ನಾಳಿನ ಭಯವೇ ಇಂದಿನ ಅಭಾವವನ್ನು ತಂದಿತು. 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆರವಾಯಿತು.

ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತವನ್ನು ಬಲ್ಲ ನಮಗೆ ಅಕ್ಕಿಯ ಬೆಲೆಯು ಹಣದಿಂದಷ್ಟೇ ತಿಳಿಯತಕ್ಕದ್ದಲ್ಲ. ಉಳ್ಳವನು ಮೂರು ತಿಂಗಳ ಅಕ್ಕಿಯನ್ನು ಕೂಡಿಟ್ಟರೆ, ಅಂದಂದಿನ ಕೂಲಿಯಿಂದ ಅಂದಂದೇ ಕೊಳ್ಳುವವನು ಬರಿಗೈಯಲ್ಲಿ ಮರಳಬೇಕಾದೀತು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಮಡದಿ ಲಕ್ಕಮ್ಮ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದಳೆಂಬುದು ಶರಣಚರಿತ್ರೆಯ ಪ್ರಸಿದ್ಧ ಪ್ರಸಂಗ. ಬೆಲೆಯೇರಿದ ದಿನ ಅಂಗಡಿಯ ಮುಂದೆ ನಿಂತಾಗ ಆ ತಾಯಿ ನಮಗೆ ನೆನಪಾಗಲಿ. ಮನೆಗೆ ಬೇಕಾದಷ್ಟನ್ನೇ ಕೊಂಡು ಉಳಿದುದನ್ನು ಹಿಂದೆ ನಿಂತವರಿಗೆ ಬಿಡುವುದೂ ದಾಸೋಹವೇ.