ಮನೆಯ ನೆಲ: ಮೆತ್ತನೆಯ ಹಾಸೋ, ಗಟ್ಟಿ ಗಾರೆಯೋ?



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿಯೇ ನಮ್ಮ ಹಳ್ಳಿಗಳಲ್ಲಿ ಮನೆ ಕಟ್ಟುವ, ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಕೆಲಸಗಳು ನಡೆಯುತ್ತವೆ. ಗೋಡೆ, ಮಾಡು, ಬಾಗಿಲು ಇವುಗಳ ಬಗ್ಗೆ ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳುತ್ತೇವೆ. ನೆಲದ ಮಾತು ಬರುವುದು ಕಟ್ಟಕಡೆಗೆ. ಅಷ್ಟರಲ್ಲಿ ಹಣವೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಆದರೆ ನಾವು ಉಣ್ಣುವುದು, ಮಲಗುವುದು, ಕಾಳು ಹಸನು ಮಾಡುವುದು, ಕೂಸು ಅಂಬೆಗಾಲಿಡುವುದು ಎಲ್ಲವೂ ನೆಲದ ಮೇಲೆಯೇ ಅಲ್ಲವೇ?

ಈಚೆಗೆ ನಮ್ಮ ಬ್ಲಾಕಿನ ಒಂದು ಹಳ್ಳಿಗೆ ಹೋಗಿದ್ದಾಗ ಒಂದು ಮನೆಯಲ್ಲಿ ಇದೇ ವಿಚಾರವಾಗಿ ಚರ್ಚೆ ನಡೆದಿತ್ತು. ಗೋಡೆ ಎದ್ದು, ಮಾಡು ಮುಚ್ಚಿ, ನೆಲ ಮಾತ್ರ ಮಣ್ಣಿನದಾಗಿ ಉಳಿದಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, "ಪೇಟೆಯಲ್ಲಿ ಕಾರ್ಪೆಟ್ಟು ಸುರುಳಿಗಟ್ಟಲೆ ಅಗ್ಗಕ್ಕೆ ಸಿಗುತ್ತೆ ಅಪ್ಪಾ, ತಂದು ಮೂಲೆಯಿಂದ ಮೂಲೆಗೆ ಹಾಸಿಬಿಟ್ಟರೆ ಒಂದೇ ದಿನಕ್ಕೆ ಕೆಲಸ ಮುಗಿಯಿತು" ಎಂದ. ತಂದೆಗೆ ಬೀಗರ ಮನೆಯಂತೆ ಮುಖ ಕಾಣುವ ಟೈಲ್ಸು ಹಾಕಿಸುವ ಆಸೆ. ಅದಕ್ಕೆ ಸಾಲ ಮಾಡಲೂ ಸಿದ್ಧರಿದ್ದರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಕಡ್ಡಿ ಮುರಿದಂತೆ ಹೇಳಿದರು: "ಆ ಹೊಳೆಯೋ ಕಲ್ಲು ಹಾಕ್ಸಿದ್ರೆ ನಾನು ಈ ಮನೆ ಒಳಗೆ ಕಾಲಿಡಾಕಿಲ್ಲ." ಪಕ್ಕದ ಬೀದಿಯ ಅವರ ವಾರಗೆಯ ಮುದುಕಿ ಅಂಥ ನೆಲದ ಮೇಲೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಹಾಸಿಗೆ ಹಿಡಿದಿದ್ದರಂತೆ. ಸೊಸೆ ಮಾತಾಡಲಿಲ್ಲ. ಅವಳ ಒಂಬತ್ತು ತಿಂಗಳ ಕೂಸು ಆ ಮಣ್ಣಿನ ನೆಲದ ಮೇಲೆಯೇ ಹರಿದಾಡುತ್ತ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಈ ಪಾಠದಲ್ಲಿ ಆ ಮನೆಯವರ ಪ್ರಶ್ನೆಯನ್ನೇ ವಿಚಾರ ಮಾಡೋಣ.

ಮೊದಲು ಕೂಸಿನ ವಿಷಯ. ಮಣ್ಣಿನ ನೆಲ ತಂಪು, ಖರ್ಚಿಲ್ಲ, ಒಡೆದರೆ ಮನೆಯವರೇ ಸರಿಪಡಿಸಬಹುದು. ವಾರಕ್ಕೊಮ್ಮೆ ಸಗಣಿ ಸಾರಿಸಿದರೆ ಧೂಳೂ ಅಡಗುತ್ತದೆ. ಅಜ್ಜಿಯರ ಕಾಲದಿಂದ ಬಂದ ಈ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಕೊಕ್ಕೆಹುಳುವಿನ ಮರಿಗಳು ತೇವದ ಮಣ್ಣಿನಿಂದ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಹೊಲದಿಂದ, ಬಯಲಿನಿಂದ ಕಾಲಿಗೆ ಅಂಟಿ ಬಂದ ಮಣ್ಣು ಮನೆಯ ಮಣ್ಣಿನೊಡನೆ ಬೆರೆತರೆ ಅದನ್ನು ಬೇರೆ ಮಾಡುವ ಬಗೆಯಿಲ್ಲ. ಮಣ್ಣಿನ ನೆಲವನ್ನು ತೊಳೆಯಲಾಗುವುದಿಲ್ಲ. ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದಾದ್ದರಿಂದ ಬಾಣಂತಿ ಮತ್ತು ಹಸುಗೂಸು ಮಲಗುವ ಕೋಣೆಯಲ್ಲಂತೂ ಸಾರಣೆ ಬೇಡ. ಅಂಗಳವನ್ನು ಸಾರಿಸಿ ರಂಗೋಲಿ ಹಾಕಲು ಯಾರ ಅಡ್ಡಿಯೂ ಇಲ್ಲ.

ಗಾರೆ ನೆಲದಿಂದ ಆರೋಗ್ಯ ಎಷ್ಟು ಸುಧಾರಿಸುತ್ತದೆಂಬುದಕ್ಕೆ ದೂರದ ಒಂದು ದೇಶದ ಅನುಭವವನ್ನು ಹೇಳಬಹುದು. ಮೆಕ್ಸಿಕೋ ದೇಶದ ಕೊವಾವೀಲ ಪ್ರಾಂತದಲ್ಲಿ 2000ರಿಂದ ಮಣ್ಣಿನ ನೆಲವಿದ್ದ ಬಡವರ ಮನೆಗಳಿಗೆ ಸರಕಾರವು 50 ಚದರ ಮೀಟರಿನವರೆಗೆ ಸಿಮೆಂಟು ನೆಲ ಹಾಕಲು ನೆರವಾಯಿತು. ಕಲಸಿದ ಕಾಂಕ್ರೀಟು ಲಾರಿಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ನೆಲ ಹದ ಮಾಡಿ ಅದನ್ನು ಹರಡುವ ಕೆಲಸ ಮನೆಯವರದು. ಈ ಸೌಲಭ್ಯವಿನ್ನೂ ದೊರಕದಿದ್ದ ನೆರೆಯ ಪ್ರಾಂತದ ಪಟ್ಟಣದ ಮನೆಗಳೊಡನೆ ಇವುಗಳನ್ನು ಹೋಲಿಸಿ 2009ರಲ್ಲಿ ವಿದ್ವಾಂಸರು ಪ್ರಕಟಿಸಿದ ಲೆಕ್ಕದಂತೆ, ಮನೆಯ ಮಣ್ಣಿನ ನೆಲವೆಲ್ಲ ಗಾರೆಯಾದಲ್ಲಿ ಚಿಕ್ಕ ಮಕ್ಕಳ ಹುಳುಬಾಧೆ ಶೇಕಡಾ 78ರಷ್ಟೂ, ಭೇದಿ ಶೇಕಡಾ 49ರಷ್ಟೂ, ರಕ್ತಹೀನತೆ ಶೇಕಡಾ 81ರಷ್ಟೂ ತಗ್ಗುತ್ತವೆ. ತಾಯಂದಿರ ಮನಸ್ಸಿನ ಕೊರಗೂ ಕಡಿಮೆಯಾಗಿತ್ತೆಂದು ಅದರಲ್ಲಿ ಹೇಳಿದೆ. ಅಲ್ಲಿಯ ಅಂಕಿಗಳೇ ನಮ್ಮಲ್ಲಿಯೂ ಬರುತ್ತವೆಂದಲ್ಲ. ಕೈಕಾಲು ತೊಳೆಯುವುದು, ಕಕ್ಕಸು ಬಳಸುವುದು ಇವನ್ನು ಬಿಟ್ಟು ಬರಿಯ ನೆಲವೊಂದೇ ಎಲ್ಲವನ್ನೂ ಮಾಡಲಾರದು.

ಇನ್ನು ಮಗ ಹೇಳಿದ ಕಾರ್ಪೆಟ್ಟಿನ ಮಾತು. ಅದರಲ್ಲಿ ಗುಣವಿಲ್ಲವೆಂದಲ್ಲ. ಕಾಲಿಗೆ ಮೆತ್ತಗೆ, ಚಳಿಗೆ ಬೆಚ್ಚಗೆ. ಬಿದ್ದರೂ ಪೆಟ್ಟು ಕಡಿಮೆ. ಹಿಮ ಬೀಳುವ ದೇಶಗಳಲ್ಲಿ ಗೋಡೆಯಿಂದ ಗೋಡೆಗೆ ಅದನ್ನು ಬಡಿದು ಕೂಡಿಸುವುದಕ್ಕೆ ಕಾರಣ ಉಂಟು. ಆದರೆ ಅಲ್ಲಿ ಮನೆಯೊಳಗೆ ರಾಗಿ ಮೂಟೆ ಇಳಿಸುವುದಿಲ್ಲ, ಒಲೆಯ ಬೂದಿ ಹಾರುವುದಿಲ್ಲ. ಧೂಳು ಹೀರುವ ಯಂತ್ರವೂ ಪ್ರತಿಮನೆಯಲ್ಲಿ ಇರುತ್ತದೆ. ನಮ್ಮಲ್ಲಿ ಕಾರ್ಪೆಟ್ಟಿನ ಮೇಲೆ ಪೊರಕೆ ಆಡಿಸಿದರೆ ಮೇಲಿನ ಕಸ ಹೋಗುತ್ತದೆ, ಧೂಳು ನಾರಿನ ಬುಡಕ್ಕೆ ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಆ ಧೂಳಿನೊಳಗೆ ಕಣ್ಣಿಗೆ ಕಾಣದ ನುಸಿಗಳು ಹೆಚ್ಚುತ್ತವೆ. ಅವುಗಳ ಹಿಕ್ಕೆ ಉಬ್ಬಸದವರಿಗೆ ಶತ್ರು. ನಾಯಿ ಬೆಕ್ಕುಗಳ ಮೈಯಿಂದ ಉದುರಿದ ಚಿಗಟದ ಮೊಟ್ಟೆಗಳಿಗೂ ಅದೇ ತೊಟ್ಟಿಲು.

ರೈತರ ಮನೆಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹೊಲದಲ್ಲಿ ಔಷಧಿ ಹೊಡೆದು ಅದೇ ಕಾಲಲ್ಲಿ, ಅದೇ ಬಟ್ಟೆಯಲ್ಲಿ ಮನೆಗೆ ಬರುತ್ತೇವೆ. ಹೊರಗಾದರೆ ಬಿಸಿಲು ಮಳೆಗಳು ಆ ವಿಷವನ್ನು ಕ್ರಮೇಣ ಕೆಡಿಸುತ್ತವೆ. ಕಾರ್ಪೆಟ್ಟಿನ ನಾರಿನಲ್ಲಿ ಅದು ಬಹುಕಾಲ ಉಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ಪ್ರಾಂತದ ಹಣ್ಣಿನ ತೋಟಗಳ ರೈತರ ಮತ್ತು ಕೂಲಿಗಳ ಮನೆಗಳ ಧೂಳನ್ನು ಪರೀಕ್ಷಿಸಿದಾಗ ತೋಟಕ್ಕೆ ಹೊಡೆದ ಕೀಟನಾಶಕಗಳೇ ಅದರಲ್ಲಿ ಸಿಕ್ಕವು. ನೆಲದ ಮೇಲೆ ಹರಿದಾಡುವ, ಬೆರಳು ಚೀಪುವ ಕೂಸಿಗೆ ಅದು ಮೊದಲು ತಲುಪುತ್ತದೆ. ಆದುದರಿಂದ ನೆಲ ಯಾವುದೇ ಇರಲಿ, ಔಷಧಿ ಹೊಡೆದ ದಿನ ಹಿತ್ತಲಲ್ಲಿ ಕಾಲು ತೊಳೆದು, ಬಟ್ಟೆ ಬದಲಿಸಿಯೇ ಒಳಗೆ ಬರತಕ್ಕದ್ದು.

ಮಣ್ಣಿನ ನೆಲದ ಮೇಲೆಯೇ ಕಾರ್ಪೆಟ್ಟು ಹಾಸಿದರಂತೂ ದುಡ್ಡು ದಂಡ. ಕೆಳಗಿನ ತೇವ ಮೇಲೇರಿ ಬೂಷ್ಟು ಹಿಡಿಯುತ್ತದೆ, ಗೆದ್ದಲು ಸೇರುತ್ತದೆ, ಹೆಗ್ಗಣ ಬಿಲ ತೋಡಿದರೂ ತಿಳಿಯುವುದಿಲ್ಲ.

ಹಾಗಾದರೆ ಮೆತ್ತನೆಯ ಹಾಸೇ ಬೇಡವೇ? ಬೇಕು, ಎತ್ತಿ ಕೊಡವಿ ಬಿಸಿಲಿಗೆ ಹಾಕುವಂಥದು ಬೇಕು. ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಈಚಲು ಚಾಪೆ, ಕುರಿಯ ಉಣ್ಣೆಯ ಕರಿ ಕಂಬಳಿ, ಹತ್ತಿಯ ಜಮಖಾನ ಇವೆಲ್ಲ ಬೆಳಗ್ಗೆ ಸುತ್ತಿಟ್ಟು ಸಂಜೆ ಬಿಡಿಸುವ ಹಾಸುಗಳೇ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಮಗ್ಗದ ಮೇಲೆ ನೇಯುವ ಜಮಖಾನಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮಂಡಿನೋವಿನ ಮುದುಕರಿಗೆ ಗಾರೆ ನೆಲದ ಥಂಡಿ ತಾಗದಂತೆ ಕಂಬಳಿಯನ್ನು ನಾಲ್ಕು ಮಡಿಕೆ ಹಾಕಿ ಕೊಟ್ಟರೆ ಸಾಕು. ಆದರೆ ನಡೆದಾಡುವ ದಾರಿಯಲ್ಲಿ ಅಂಚು ಮಡಿಚಿದ ಚಾಪೆ ಬಿದ್ದಿರಕೂಡದು. ಅದೂ ಎಡವಿ ಬೀಳಿಸುತ್ತದೆ.

ಈಗ ಗಟ್ಟಿ ನೆಲಗಳಲ್ಲಿ ಯಾವುದೆಂಬ ಪ್ರಶ್ನೆ. ಹೊಳೆಯುವ ವಿಟ್ರಿಫೈಡ್ ಟೈಲ್ಸು ನೀರು ಕುಡಿಯುವುದಿಲ್ಲ, ಕಲೆ ಹಿಡಿಯುವುದಿಲ್ಲ. ಆ ಗುಣವೇ ನೀರು ಚೆಲ್ಲಿದಾಗ ದೋಷವಾಗುತ್ತದೆ: ನೀರು ಮೇಲೆಯೇ ನಿಂತು ಕಾಲು ಜಾರುತ್ತದೆ. ಟೈಲ್ಸೇ ಬೇಕೆನ್ನುವವರು ಹೊಳಪಿಲ್ಲದ, ಒರಟು ಮೈಯ ಜಾತಿಯನ್ನು ಕೇಳಿರಿ. ಅಂಗಡಿಯಲ್ಲಿ ಒಂದು ಟೈಲ್ಸನ್ನು ನೆಲಕ್ಕಿಡಿಸಿ, ನೀರು ಚಿಮುಕಿಸಿ, ಯಾರದಾದರೂ ತೋಳು ಹಿಡಿದುಕೊಂಡು ಬರಿಗಾಲಲ್ಲಿ ಒತ್ತಿ ನೋಡಿರಿ. ಅಂಗಡಿಯವರು ನಕ್ಕರೆ ನಗಲಿ.

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಉತ್ತರದ ಜಿಲ್ಲೆಗಳವರಿಗೆ ಚೆನ್ನಾಗಿ ಪರಿಚಯ. ಪಾಲಿಶ್ ಮಾಡದ ಕಲ್ಲು ಜಾರುವುದಿಲ್ಲ, ತಂಪಾಗಿಯೂ ಇರುತ್ತದೆ. ಇದೂ ಕಡಪ ಕಲ್ಲೂ ಸುಣ್ಣಕಲ್ಲಿನ ಜಾತಿಯವಾದ್ದರಿಂದ ಹುಣಸೆಹುಳಿ, ನಿಂಬೆರಸ, ಮಜ್ಜಿಗೆ ಚೆಲ್ಲಿ ಹಾಗೆಯೇ ಬಿಟ್ಟರೆ ಮೈ ಸವೆದು ಕಲೆಯಾಗುತ್ತದೆ. ಆ್ಯಸಿಡ್ ಹಾಕಿ ಉಜ್ಜಲೇಬಾರದು. ಎರೆಭೂಮಿಯ ಊರುಗಳಿಗೆ ಈ ಕಲ್ಲುಹಾಸು ಹೆಚ್ಚು ಹೊಂದುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವುದರಿಂದ ಗಾರೆ ಬಿರುಕು ಬಿಡುತ್ತದೆ. ಕಲ್ಲಾದರೆ ತಗ್ಗಿದ ಕಡೆ ಎತ್ತಿ ಪುನಃ ಕೂಡಿಸಬಹುದು.

ಸಾಧಾರಣ ರೈತರಿಗೆ ಎಟಕುವುದು ಸಿಮೆಂಟು ಗಾರೆಯೇ. ಅದರ ಆಯುಷ್ಯವೆಲ್ಲ ಕಾಣದಿರುವ ಕೆಳಭಾಗದಲ್ಲಿದೆ. ಮನೆಯ ನೆಲ ಹೊರಗಿನ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರವಿರಲಿ. ಬೇರು ಕಸವಿರುವ ಮೇಲ್ಮಣ್ಣನ್ನೂ, ಎರೆಮಣ್ಣಿದ್ದರೆ ಅದನ್ನೂ ತೆಗೆದು, ಗರಸನ್ನು ಅರ್ಧ ಅರ್ಧ ಅಡಿ ತುಂಬಿ, ಪ್ರತಿಸಲವೂ ನೀರು ಹಾಕಿ ಗುದ್ದಿ ಗಟ್ಟಿ ಮಾಡಬೇಕು. ಇಲ್ಲಿ ಅವಸರ ಮಾಡಿದವರ ನೆಲ ಎರಡು ಮಳೆಗಾಲಕ್ಕೆ ಕುಸಿಯುತ್ತದೆ. ಅದರ ಮೇಲೆ 1:4:8ರ ಪ್ರಮಾಣದಲ್ಲಿ ಸಿಮೆಂಟು, ಮರಳು, ದಪ್ಪ ಜಲ್ಲಿ ಬೆರೆಸಿದ 4 ಅಂಗುಲದ ಕಾಂಕ್ರೀಟು. ಅದರ ಮೇಲೆ 1:2:4ರಂತೆ ಸಣ್ಣ ಜಲ್ಲಿಯ ಒಂದೂವರೆ ಅಂಗುಲದ ಮೇಲುಹಾಸು. ಈ ಮೇಲುಹಾಸನ್ನು ಒಂದೇ ಹಾಳೆಯಾಗಿ ಎಳೆಯದೆ, 4 ಅಡಿಯ ಚೌಕಗಳಾಗಿ ವಿಂಗಡಿಸಿ, ಒಂದು ಬಿಟ್ಟು ಒಂದು ತುಂಬಿದರೆ ಬಿರುಕು ಕಡಿಮೆ.

10 ಅಡಿಗೆ 12 ಅಡಿಯ ಕೋಣೆಗೆ ಇವೆರಡಕ್ಕೂ ಸೇರಿ 50 ಕಿಲೋ ತೂಕದ 7 ಚೀಲ ಸಿಮೆಂಟು, ಸುಮಾರು 26 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್, ಸುಮಾರು 51 ಘನ ಅಡಿ ಜಲ್ಲಿ ಹಿಡಿಯುತ್ತದೆ. ನಿಮ್ಮ ಊರಿನ ದರ ಹಾಕಿ ಲೆಕ್ಕ ನೋಡಿಕೊಂಡು, ಆಮೇಲೆ ಗಾರೆಯವರೊಡನೆ ಮಾತಿಗೆ ಕೂಡಿರಿ. ಕೆಂಪು ನೆಲ ಬೇಕಾದವರು ಚೀಲ ಸಿಮೆಂಟಿಗೆ 5 ಕಿಲೋಗಿಂತ ಹೆಚ್ಚು ರೆಡ್ ಆಕ್ಸೈಡ್ ಬೆರೆಸಬಾರದು. ನೀರೂರಿದ ಮೈಗೆ ಒಣ ಸಿಮೆಂಟು ಉದುರಿಸಿ ಬೇಗ ನುಣುಪು ತರುವುದುಂಟು. ಹಾಗೆ ಮಾಡಿದರೆ ಮೇಲುಪದರ ಸಣ್ಣ ಸಣ್ಣ ಬಿರುಕು ಬಿಟ್ಟು ಪುಡಿ ಏಳುತ್ತದೆ. ಮರುದಿನದಿಂದ ಹತ್ತು ದಿನ ಒದ್ದೆ ಗೋಣಿ ಹೊದಿಸಿ ನೀರು ಆರದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಅದನ್ನು ಕೂಲಿಯವರ ಮೇಲೆ ಬಿಡಬೇಡಿ. ಬಚ್ಚಲಿಗೆ 10 ಅಡಿಗೆ 2 ಅಂಗುಲದಂತೆ ಇಳಿಜಾರು ಕೊಟ್ಟು ಮೈಯನ್ನು ಒರಟಾಗಿಯೇ ಬಿಡಿಸಿರಿ. ಕೊಟ್ಟಿಗೆಗಾದರೆ ಗೀರು ಹಾಕಿಸಿರಿ. ನುಣ್ಣನೆಯ ಗಾರೆಯಲ್ಲಿ ಗಬ್ಬದ ಹಸು ಜಾರಿದರೆ ನಷ್ಟ ದೊಡ್ಡದು.

ಗಾರೆಯಾಯಿತೆಂದು ಕಾಳಿನ ಮೂಟೆಗಳನ್ನು ನೇರ ನೆಲಕ್ಕೆ ಒರಗಿಸಬೇಡಿ. ಗಟ್ಟಿ ನೆಲ ಇಲಿ ಹೆಗ್ಗಣಗಳ ಬಿಲವನ್ನು ತಡೆಯುತ್ತದೆ, ಅವುಗಳ ಹಿಂದೆ ಬರುವ ಹಾವನ್ನೂ ದೂರವಿಡುತ್ತದೆ. ಆದರೆ ಥಂಡಿಯನ್ನು ಪೂರ್ತಿ ತಡೆಯಲಾರದು. ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಒಟ್ಟುವುದು ಕ್ಷೇಮ.

ಎಲ್ಲ ಕೋಣೆಗಳಿಗೂ ಒಮ್ಮೆಗೇ ಹಣ ಒದಗದಿದ್ದರೆ ಕೂಸು ಇರುವ, ಮಲಗುವ ಕೋಣೆ ಮೊದಲು, ಅಡಿಗೆಮನೆ ಆಮೇಲೆ. ಉಳಿದುದಕ್ಕೆ ಸದ್ಯಕ್ಕೆ ಗರಸಿನ ಹತ್ತು ಪಾಲಿಗೆ ಸಿಮೆಂಟು ಒಂದು ಪಾಲು ಬೆರೆಸಿ, ಹದವಾಗಿ ನೀರು ಚಿಮುಕಿಸಿ ಗುದ್ದಿದರೆ ಬರಿಮಣ್ಣಿಗಿಂತ ಗಟ್ಟಿಯಾಗಿ ಕೆಲವು ಕಾಲ ತಾಳುತ್ತದೆ. ನೆಲಕ್ಕಾಗಿ ಬಡ್ಡಿಯ ಸಾಲ ತೆಗೆಯುವುದು ನಮಗೆ ಸರಿ ಕಾಣದು.

ಮೇಲೆ ಹೇಳಿದ ಮನೆಯವರು ಟೈಲ್ಸಿನ ಸಾಲವನ್ನು ಕೈಬಿಟ್ಟು ನಡುಮನೆ, ಅಡಿಗೆಮನೆಗಳಿಗೆ ಕೆಂಪು ಗಾರೆ ಹಾಕಿಸಿದರು. ಮಗ ಕಾರ್ಪೆಟ್ಟಿಗೆಂದು ತೆಗೆದಿಟ್ಟಿದ್ದ ಹಣದಲ್ಲಿ ಎರಡು ಜಮಖಾನ ತಂದ. ಪಡಸಾಲೆ ಇನ್ನೂ ಮಣ್ಣಿನದೇ. ಮುಂದಿನ ರಾಗಿ ಬಂದ ಮೇಲೆ ನೋಡೋಣ ಎಂದರು ತಂದೆ. ಗೋಣಿಗೆ ಹತ್ತು ದಿನವೂ ನೀರು ಹಾಕಿದವರು ಅಜ್ಜಿಯಂತೆ. ಹನ್ನೊಂದನೆಯ ದಿನ ಗೋಣಿ ತೆಗೆಸಿ, ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ, ಸೊಸೆಯ ಕೈ ಹಿಡಿದುಕೊಂಡು ತಾವೇ ಮೊದಲು ನಡೆದು ನೋಡಿದರಂತೆ.