ಫೋನಿನಲ್ಲಿ ದುಡ್ಡು: ಮಾಡಬೇಕಾದ್ದು, ಮಾಡಬಾರದ್ದು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಅಂಗಡಿಯವರಿಗೂ ಗಿರಾಕಿಗಳಿಗೂ

ನೋಟು, ಕಾರ್ಡು, ಫೋನು ಈ ಮೂರರಲ್ಲಿ ಯಾವುದು ಸುರಕ್ಷಿತ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇವೆ. ಹೊಸಪೇಟೆಯಲ್ಲಿ ತರಕಾರಿ ಕೊಳ್ಳಲು, ಹಂಪಿಯಲ್ಲಿ ಎಳನೀರು ಕುಡಿಯಲು, ಸಂಡೂರಿನಲ್ಲಿ ಬಸ್ಸು ಕಾಯುತ್ತ ಒಗ್ಗರಣೆ ಮಿರ್ಚಿ ತಿನ್ನಲು ಫೋನೇ ಸುರಕ್ಷಿತ. ಆದರೆ ಆ ಫೋನಿಗೆ ಜೋಡಿಸಿದ ಖಾತೆಯಲ್ಲಿ ಸಣ್ಣ ಮೊತ್ತ ಮಾತ್ರ ಇರಬೇಕು. ಭತ್ತ ಮಾರಿದ ದುಡ್ಡು, ಮದುವೆಗೆ ಕೂಡಿಟ್ಟ ದುಡ್ಡು, ನಿವೃತ್ತಿಯ ದುಡ್ಡು ಇರುವ ಖಾತೆಯನ್ನೇ ಫೋನಿಗೆ ಜೋಡಿಸಿದ್ದರೆ, ಮೂರರಲ್ಲಿ ಹೆಚ್ಚು ಅಪಾಯದ್ದು ಅದೇ.

ಹಂಪಿ ಉತ್ಸವದ ಜನಜಂಗುಳಿಯಲ್ಲಿ ಜೇಬುಗಳ್ಳನಿಗೆ ಸಿಗುವುದು ಜೇಬಿನಲ್ಲಿದ್ದಷ್ಟೇ. ಅದು ಮರಳಿ ಬರುವುದಿಲ್ಲ, ಆದರೆ ಮನೆಯಲ್ಲಿಟ್ಟದ್ದು ಹೋಗುವುದೂ ಇಲ್ಲ. ಕಾರ್ಡು ಕಳೆದರೆ ತಡೆ ಹಾಕಬಹುದು. ಆದರೆ ಯಂತ್ರಕ್ಕೆ ತಾಗಿಸಿದರೆ 5,000 ರೂಪಾಯಿವರೆಗೆ ಪಿನ್ ಕೇಳದೆಯೇ ಹಣ ಹೋಗುತ್ತದೆ ಎಂಬುದು ನೆನಪಿರಲಿ. ಫೋನು ಕದ್ದವನಿಗೆ ಫೋನಿನ ಬೀಗ, ಆ್ಯಪ್‌ನ ಬೀಗ, ಯುಪಿಐ ಪಿನ್ ಮೂರೂ ಬೇಕು. 2016ರ ಏಪ್ರಿಲ್‌ನಲ್ಲಿ ಯುಪಿಐ ಶುರುವಾದಾಗಿನಿಂದ ಅದನ್ನು ಸಿಮ್ಮಿಗೂ ಫೋನಿಗೂ ಬೆಸೆದೇ ಇಟ್ಟಿದ್ದಾರೆ, ಹಾಗಾಗಿ ಕದ್ದು ಒಳಹೊಗುವುದು ಕಷ್ಟ. ಅದಕ್ಕೇ ಕಳ್ಳರು ಈಗ ಬೀಗ ಒಡೆಯುವ ಗೋಜಿಗೆ ಹೋಗುವುದಿಲ್ಲ, ನಿಮ್ಮ ಕೈಯಿಂದಲೇ ಪಿನ್ ಒತ್ತಿಸುತ್ತಾರೆ. ಒತ್ತಿದ ಮರುಕ್ಷಣ ಹಣ ಹೋಗಿರುತ್ತದೆ. ಚೆಕ್ಕಾದರೆ ಬ್ಯಾಂಕಿಗೆ ಓಡಿ ತಡೆಯಬಹುದಿತ್ತು, ಇಲ್ಲಿ ಆ ಅವಕಾಶವಿಲ್ಲ.

ಮಾಡಬೇಕಾದ್ದು

ಫೋನಿಗೆಂದೇ ಬೇರೆ ಖಾತೆ ತೆರೆಯಿರಿ. ಈ ಸೂಚನೆಯಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆ ಸಾಕು. ಒಂದೇ ಬ್ಯಾಂಕಿನಲ್ಲಿ ಅದರ ಜೊತೆ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳಲು ಬಿಡುವುದಿಲ್ಲವಾದ್ದರಿಂದ ಬೇರೆ ಬ್ಯಾಂಕಿಗೆ ಹೋಗಿ. ವಾರಕ್ಕೆ ಬೇಕಾಗುವಷ್ಟನ್ನು ಮಾತ್ರ ಅದಕ್ಕೆ ಹಾಕಿಕೊಳ್ಳಿ. ದೊಡ್ಡ ಖಾತೆ ಈಗಾಗಲೇ ಫೋನಿನಲ್ಲಿದ್ದರೆ ಇವತ್ತೇ ಆ್ಯಪ್‌ನಿಂದ ತೆಗೆಯಿರಿ. ಖಾತೆ ಮುಚ್ಚಬೇಕಿಲ್ಲ, ಜೋಡಣೆ ಬಿಡಿಸಿದರೆ ಸಾಕು.

ಚಿಲ್ಲರೆ ವ್ಯವಹಾರಕ್ಕೆ ಯುಪಿಐ ಲೈಟ್ ಬಳಸಿ. ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು 5,000 ರೂಪಾಯಿ ಅದರ ಮಿತಿ. ಅದಕ್ಕೆ ಪಿನ್ ಬೇಡ. ಹಾಗಾಗಿ ಅದರಲ್ಲಿರುವುದನ್ನು ಜೇಬಿನ ನೋಟು ಎಂದೇ ತಿಳಿದು, ಕಳೆದುಹೋದರೆ ತಡೆದುಕೊಳ್ಳಬಲ್ಲಷ್ಟನ್ನೇ ಇಡಿ.

ಪಿನ್ ಒತ್ತುವ ಮುನ್ನ ಹೆಸರು ಓದಿ. 2025ರ ಜೂನ್ ಕೊನೆಯಿಂದ ಹಣ ಪಡೆಯುವವರ ಹೆಸರನ್ನು ಬ್ಯಾಂಕಿನ ದಾಖಲೆಯಲ್ಲಿರುವಂತೆಯೇ ತೋರಿಸಬೇಕೆಂಬ ನಿಯಮ ಬಂದಿದೆ. ಕಿರಾಣಿ ಅಂಗಡಿಯ ಕೋಡ್ ಸ್ಕ್ಯಾನ್ ಮಾಡಿದಾಗ ಕೇಳರಿಯದ ಹೆಸರು ಬಂದರೆ ಅಂಗಡಿಯವರನ್ನು ಕೇಳಿ. ಎಷ್ಟೋ ಅಂಗಡಿಗಳ ಖಾತೆ ಮಗನ ಹೆಸರಿನಲ್ಲೋ ಹೆಂಡತಿಯ ಹೆಸರಿನಲ್ಲೋ ಇರುತ್ತದೆ, ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಅಂಗಡಿಯವರು, ತಳ್ಳುಗಾಡಿಯವರು ಬೆಳಗ್ಗೆ ಅಂಗಡಿ ತೆರೆದ ಕೂಡಲೇ ತಮ್ಮ ಕೋಡ್ ಚೀಟಿಯನ್ನು ಕೈಯಿಂದ ಮುಟ್ಟಿ ನೋಡಬೇಕು. ಅದರ ಮೇಲೆ ಇನ್ನೊಬ್ಬನ ಚೀಟಿ ಅಂಟಿಸಿದ್ದರೆ ದಿನವಿಡೀ ನಿಮ್ಮ ಸರಕು ಹೋಗುತ್ತದೆ, ದುಡ್ಡು ಅವನಿಗೆ ಸೇರುತ್ತದೆ. ಗಿರಾಕಿ ತೋರಿಸುವ ಪರದೆಯನ್ನು ನಂಬಬೇಡಿ, ಹಣ ಹೋದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮದೇ ಸೌಂಡ್ ಬಾಕ್ಸ್ ಮಾತಾಡಬೇಕು, ಇಲ್ಲವೇ ನಿಮ್ಮದೇ ಫೋನಿನಲ್ಲಿ ಜಮೆ ಕಾಣಬೇಕು. "ಸ್ವಲ್ಪ ನಿಲ್ರಣ್ಣ, ಬಂದೈತೋ ಇಲ್ಲೋ ನೋಡ್ತೀನಿ" ಎನ್ನಲು ಸಂಕೋಚ ಬೇಡ.

ಒಂದಿಷ್ಟು ನೋಟು ಇಟ್ಟುಕೊಂಡೇ ಹೊರಡಿ. ಮಾತಂಗ ಬೆಟ್ಟದ ಮೇಲೆ ಬ್ಯಾಟರಿ ಮುಗಿಯಬಹುದು, ಹರಿಗೋಲು ಹತ್ತುವಾಗ ಫೋನು ಹೊಳೆಗೆ ಬೀಳಬಹುದು, ಸಂಡೂರಿನ ಕಾಡುದಾರಿಯಲ್ಲಿ ಸಿಗ್ನಲ್ ಸಿಗದಿರಬಹುದು. ಪಾವತಿ ಅರ್ಧಕ್ಕೆ ನಿಂತರೆ ಗಾಬರಿಯಲ್ಲಿ ಮತ್ತೆ ಕಳಿಸಬೇಡಿ, ಮೊದಲು ಖಾತೆ ನೋಡಿ. ನಿಮ್ಮಿಂದ ಕಡಿತವಾಗಿ ಅತ್ತ ಜಮೆಯಾಗದಿದ್ದರೆ, ವ್ಯಕ್ತಿಗೆ ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕಳಿಸಿದ್ದು 5 ದಿನದೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2019ರಿಂದಲೂ ರಿಸರ್ವ್ ಬ್ಯಾಂಕಿನ ನಿಯಮವಿದೆ. ಕೇಳಿ ಪಡೆಯಿರಿ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಹೆಬ್ಬೆಟ್ಟು ಒತ್ತಿ ಬಿಡಿಸಿಕೊಳ್ಳುವ ಅಕ್ಕಂದಿರು ರಸೀದಿ ಇಲ್ಲದೆ ಎದ್ದು ಬರಬೇಡಿ. "ಬೆರಳು ತೊಗೊಳ್ಳಲಿಲ್ಲಮ್ಮ, ಇನ್ನೊಮ್ಮೆ ಇಡು" ಎಂದರೆ ಮೊದಲ ಸಲ ಏನಾಯಿತು ಎಂದು ಚೀಟಿ ತೋರಿಸಲು ಹೇಳಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಹೊಲ, ಸೈಟು ನೋಂದಣಿ ಮಾಡಿಸಿದವರೆಲ್ಲ ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಿಸಿ. ಬೇಕಾದಾಗ ತೆರೆಯಬಹುದು. ಮಾಹಿತಿಗೆ 1947ಕ್ಕೆ ಕರೆ ಮಾಡಿ.

ವಯಸ್ಸಾದ ತಂದೆತಾಯಿಗೆ ಖಾತೆ ಜೋಡಿಸಿದ ಫೋನು ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಖಾತೆಯಿಂದ ಅವರು ಒಮ್ಮೆಗೆ 5,000, ತಿಂಗಳಿಗೆ 15,000 ರೂಪಾಯಿ ಮಿತಿಯೊಳಗೆ ಖರ್ಚು ಮಾಡಬಹುದು. ಮೋಸ ಹೋದರೂ ಹೋಗುವುದು ಅಷ್ಟೇ.

ಮಾಡಬಾರದ್ದು

ಹಣ ಪಡೆಯಲು ಪಿನ್ ಒತ್ತಬೇಡಿ. ಕೋಡ್ ಸ್ಕ್ಯಾನ್ ಮಾಡಬೇಡಿ. ಹಣ ಬರಲು ಇವೆರಡೂ ಬೇಕಿಲ್ಲ, ಯಾವತ್ತೂ ಬೇಕಿರಲಿಲ್ಲ. ಸಂಡೂರಿನ ಲಂಬಾಣಿ ಕಸೂತಿ ಮಾಡುವವರು, ಹೋಂಸ್ಟೇ ನಡೆಸುವವರು, ಹಳೆಯ ಬೈಕು ಮಾರಲು ಹಾಕಿದವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. "ಮಿಲಿಟರಿಯಿಂದ ಮಾತಾಡ್ತಿದ್ದೀವಿ, ನೂರು ಬ್ಯಾಗು ಬೇಕು, ಅಡ್ವಾನ್ಸ್ ಹಾಕ್ತೀವಿ, ಕೋಡ್ ಕಳಿಸಿದ್ದೀವಿ ಒತ್ತಿ" ಎಂದು ಬರುವ ಕರೆ ದೇಶದ ತುಂಬ ಜನರನ್ನು ಸುಲಿದಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೂ ಅಂಗಡಿಯ ಹೆಸರಿನಲ್ಲಿ ಕೋರಿಕೆ ಬರಬಹುದು, ಕೋಡ್ ಬರಬಹುದು. ಒತ್ತಬೇಡಿ.

ಅಪರಿಚಿತರಿಗೆ ನೋಟು ಕೊಟ್ಟು ಫೋನಿಗೆ ಹಣ ಹಾಕಿಸಿಕೊಳ್ಳಬೇಡಿ. ಹಂಪಿಯವರು, ಹೊಸಪೇಟೆ ಬಸ್ ನಿಲ್ದಾಣದ ಸುತ್ತಲಿನ ಅಂಗಡಿಯವರು ಇದನ್ನು ಎರಡು ಸಲ ಓದಿ. ಎಟಿಎಂ ಸಿಗದ ಪ್ರವಾಸಿಯೊಬ್ಬ ಬಂದು "ಅಣ್ಣಾ, ಐದು ಸಾವಿರ ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ, ನೂರು ಜಾಸ್ತಿ ಹಾಕ್ತೀನಿ" ಎನ್ನುತ್ತಾನೆ. ಹಣ ನಿಜವಾಗಿಯೂ ಬರುತ್ತದೆ, ಸೌಂಡ್ ಬಾಕ್ಸೂ ಕೂಗುತ್ತದೆ. ಆದರೆ ಅದು ಎಲ್ಲೋ ದೂರದ ಊರಿನಲ್ಲಿ ಯಾರನ್ನೋ ವಂಚಿಸಿ ಕದ್ದ ಹಣವಾಗಿರಬಹುದು. ಅಲ್ಲಿ ದೂರು ದಾಖಲಾದರೆ ಪೊಲೀಸರು ಹಣ ಹರಿದ ದಾರಿಯನ್ನೇ ಹಿಡಿದು ಒಂದೊಂದೇ ಖಾತೆ ತಡೆಯುತ್ತ ಬರುತ್ತಾರೆ. ಕೊನೆಗೆ ನಿಮ್ಮ ಖಾತೆಗೂ ತಡೆ ಬೀಳುತ್ತದೆ. ಕೆಲವೊಮ್ಮೆ ಆ ಐದು ಸಾವಿರಕ್ಕಷ್ಟೇ ಅಲ್ಲ, ಇಡೀ ಖಾತೆಗೆ. ನೋಟು ತೆಗೆದುಕೊಂಡವನು ಅಷ್ಟರಲ್ಲಿ ರೈಲು ಹತ್ತಿರುತ್ತಾನೆ. ತಡೆ ತೆಗೆಸಲು ಬೇರೆ ರಾಜ್ಯದ ಠಾಣೆಗೆ ಪತ್ರ ಬರೆದು ಅಲೆಯಬೇಕಾದವರು ನೀವು. ಸರಕು ಮಾರಿ ಹಣ ಪಡೆದಿದ್ದರೆ ಬಿಲ್ಲಾದರೂ ತೋರಿಸಬಹುದು. ನೋಟು ಕೊಟ್ಟದ್ದಕ್ಕೆ ಏನು ತೋರಿಸುತ್ತೀರಿ?

ವಿದೇಶಿ ಪ್ರವಾಸಿಗಳ ಮೇಲಿನ ಕನಿಕರಕ್ಕೂ ಈ ಕೆಲಸ ಮಾಡಬೇಡಿ. ಅವರಿಗೆ ಬೇರೆ ದಾರಿಯಿದೆ. ಜಿ20 ದೇಶಗಳಿಂದ ಬರುವವರಿಗೆ ಯುಪಿಐ ಬಳಸಲು ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿಯಲ್ಲೇ ಅವಕಾಶ ಕೊಟ್ಟಿತು. ಡಾಲರ್, ಯೂರೊ ತೆಗೆದುಕೊಂಡು ರೂಪಾಯಿ ಕೊಡುವ ಕೆಲಸ ಪರವಾನಗಿ ಇದ್ದವರದು.

ಖಾತೆ, ಎಟಿಎಂ ಕಾರ್ಡು, ಸಿಮ್ಮು ಬಾಡಿಗೆಗೆ ಕೊಡಬೇಡಿ. "ನಿಮ್ಮ ಖಾತೆಗೆ ಹಣ ಬರುತ್ತೆ, ತೆಗೆದುಕೊಟ್ಟರೆ ಕಮಿಷನ್" ಎಂಬ ಮಾತಿಗೆ ಕಾಲೇಜು ಹುಡುಗರೇ ಹೆಚ್ಚು ಬೀಳುತ್ತಾರೆ. ಅದು ಕೆಲಸವಲ್ಲ, ಅಪರಾಧ. ಎಫ್‌ಐಆರ್‌ನಲ್ಲಿ ಬರುವುದು ಹುಡುಗನ ಹೆಸರು. ಮನೆಯ ಹಿರಿಯರು ಮಕ್ಕಳನ್ನು ಕೂರಿಸಿಕೊಂಡು ಇದನ್ನು ಹೇಳಲೇಬೇಕು.

"ತಪ್ಪಾಗಿ ನಿಮಗೆ ಹಣ ಬಂದೈತಿ, ವಾಪಸ್ ಹಾಕ್ರಿ" ಎಂದು ಯಾರಾದರೂ ಅತ್ತರೂ ನೀವಾಗಿ ಕಳಿಸಬೇಡಿ. ಬ್ಯಾಂಕಿಗೆ ದೂರು ಕೊಡಲು ಹೇಳಿ. ಬಂದದ್ದು ನಿಜವಾದರೆ ಬ್ಯಾಂಕಿನ ಮೂಲಕವೇ ಹೋಗಲಿ. ಎಷ್ಟೋ ಸಲ ಹಣ ಬಂದೇ ಇರುವುದಿಲ್ಲ, ಬಂದಂತೆ ಒಂದು ಮೆಸೇಜು ಮಾತ್ರ ಬಂದಿರುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಕಡತ, ಅಂದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಕಡತ, ತೆರೆಯಬೇಡಿ. ಪಿಎಂ ಕಿಸಾನ್, ಆರ್‌ಟಿಒ ದಂಡ, ಮದುವೆ ಕರೆಯೋಲೆ ಹೀಗೆ ಯಾವ ಹೆಸರಿನಲ್ಲಾದರೂ ಬರಬಹುದು, ಬಂಧುಗಳ ನಂಬರಿನಿಂದಲೇ ಬರಬಹುದು. ಅದು ಫೋನಿನೊಳಗೆ ಕುಳಿತು ಓಟಿಪಿ ಓದುತ್ತದೆ. ಲಾರಿ ಮಾಲೀಕರು ದಂಡದ ಹೆಸರು ಕೇಳಿದ ಕೂಡಲೇ ಒತ್ತಿಬಿಡುತ್ತಾರೆ. ದಂಡ ಇದೆಯೋ ಇಲ್ಲವೋ ಸರ್ಕಾರದ ಪರಿವಹನ್ ತಾಣದಲ್ಲಿ ನೀವೇ ನೋಡಿ.

ಬ್ಯಾಂಕಿನ ಫೋನ್ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಬೇಡಿ, ಪಾಸ್‌ಬುಕ್ಕಿನಲ್ಲೋ ಕಾರ್ಡಿನ ಹಿಂದೆಯೋ ಇರುವುದನ್ನೇ ಬಳಸಿ. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಕಂಪ್ಲಿ, ಸಂಡೂರು ಕಡೆಯ ರೈತರ ಖಾತೆಗಳು ಬಹಳಷ್ಟು ಇರುವುದು ಗ್ರಾಮೀಣ ಬ್ಯಾಂಕಿನಲ್ಲೇ. "ಬ್ಯಾಂಕು ವಿಲೀನ ಆಗಿದೆ, ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್" ಎಂಬ ಕರೆ ಬಂದರೆ ಇಟ್ಟುಬಿಡಿ, ಶಾಖೆಗೆ ನಡೆದು ಹೋಗಿ. ಈಗ ಬ್ಯಾಂಕುಗಳ ಜಾಲತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗಬೇಕು.

ವಿಡಿಯೊ ಕರೆಯಲ್ಲಿ ಯಾವ ಪೊಲೀಸರೂ ಯಾರನ್ನೂ ಬಂಧಿಸುವುದಿಲ್ಲ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಹಾಗೆಂದು ಯಾರಾದರೂ ಹೆದರಿಸಿದರೆ ಕರೆ ಕತ್ತರಿಸಿ, ಮನೆಯವರನ್ನು ಕೂಗಿ.

ಜಿಎಸ್‌ಟಿಗೆ ಹೆದರಿ ಕೋಡ್ ಚೀಟಿ ಹರಿದೆಸೆಯಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ 'ನಗದು ಮಾತ್ರ' ಫಲಕ ಎದ್ದವು. ನಿಯಮ ಇಷ್ಟು: ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ನೋಟಿನ ವಹಿವಾಟೂ ಆ ಲೆಕ್ಕಕ್ಕೆ ಸೇರುತ್ತದೆ. ತಾಜಾ ತರಕಾರಿ, ಹಾಲು ಮಾರುವವರ ಸರಕಿಗೆ ತೆರಿಗೆಯೇ ಇಲ್ಲ. ಅಂಗಡಿಯ ಹಣವನ್ನೂ ತಮ್ಮ ಕಳಿಸಿದ ಸಾಲದ ಹಣವನ್ನೂ ಒಂದೇ ಖಾತೆಗೆ ಹಾಕಿಸಿಕೊಂಡವರಿಗೇ ತೊಂದರೆ ಹೆಚ್ಚು. ಎರಡನ್ನೂ ಬೇರೆ ಮಾಡಿ.

ಭತ್ತ, ಕಬ್ಬು, ಬಾಳೆಯ ದೊಡ್ಡ ಮೊತ್ತ ಫೋನಿಗೂ ಬೇಡ, ಚೀಲಕ್ಕೂ ಬೇಡ. ಬ್ಯಾಂಕಿನಿಂದ ಬ್ಯಾಂಕಿಗೆ ಆರ್‌ಟಿಜಿಎಸ್ ಮಾಡಿಸಿ. ಒಂದೇ ದಿನ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ.

ಹಣ ಹೋಗಿಬಿಟ್ಟರೆ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930. ಆಮೇಲೆ ಬ್ಯಾಂಕು. ಆಮೇಲೆ ಠಾಣೆ. ಈ ಕ್ರಮ ತಪ್ಪಬೇಡಿ, ಮನೆಯವರಿಗೆ ಹೇಳಲು ನಾಚಿ ಒಂದು ರಾತ್ರಿಯನ್ನೂ ಕಳೆಯಬೇಡಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಮಾತ್ರ ತಡೆಯಲು ಸಾಧ್ಯ, ಅದು ಅಲ್ಲಿ ಗಂಟೆಗಟ್ಟಲೆ ನಿಲ್ಲುವುದಿಲ್ಲ.

ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ಹಣ ಎಳೆದಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ನಿಯಮ ಹಾಕಿಕೊಟ್ಟಿತು. 4ರಿಂದ 7 ದಿನವಾದರೆ ಸ್ವಲ್ಪ ಭಾಗ ನಿಮ್ಮ ಮೇಲೆ ಬೀಳುತ್ತದೆ. ನೀವೇ ಪಿನ್ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ. ಅದಕ್ಕೇ ಮೊದಲು ಹೇಳಿದ್ದು, ಫೋನಿನ ಖಾತೆಯಲ್ಲಿ ಹಣ ಕಡಿಮೆ ಇರಲಿ ಎಂದು.

ಯಾವ ಠಾಣೆ ಎಂಬ ಗೊಂದಲ ಈ ಭಾಗದಲ್ಲಿ ಹೆಚ್ಚು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೊಳೆ ದಾಟಿದರೆ ಆನೆಗೊಂದಿ, ವಿರೂಪಾಪುರಗಡ್ಡೆ ಕೊಪ್ಪಳ ಜಿಲ್ಲೆ. ಹಣ ಹೋದದ್ದು ಗಡ್ಡೆಯಲ್ಲಿ, ಖಾತೆ ಇರುವುದು ಕಂಪ್ಲಿಯಲ್ಲಿ, ನೀವಿರುವುದು ಹೊಸಪೇಟೆಯಲ್ಲಿ ಆಗಬಹುದು. "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ಹಿಂದೆ ಕಳಿಸಿದರೆ ಎದ್ದು ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲೇ ಮಾಹಿತಿ ಕೊಡಬಹುದು. 1930ರವರು ಕೊಡುವ ದೂರಿನ ಸಂಖ್ಯೆ, ವಹಿವಾಟಿನ ಸಂಖ್ಯೆ, ಬ್ಯಾಂಕಿನ ಮೆಸೇಜು, ಕರೆ ಬಂದ ನಂಬರು ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಫೋನೇ ಕಳೆದರೆ, ಬೇರೆಯವರ ಫೋನಿನಿಂದ ಮೊದಲು ಸಿಮ್ ನಿಲ್ಲಿಸಿ, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಠಾಣೆಯ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ತಾಣದಲ್ಲಿ ಅರ್ಜಿ ಹಾಕಿದರೆ ಆ ಫೋನಿಗೆ ದೇಶದ ಯಾವ ಸಿಮ್ ಹಾಕಿದರೂ ನಡೆಯದಂತೆ ಮಾಡುತ್ತಾರೆ. ಓಟಿಪಿ ಬರಲು ಅದೇ ನಂಬರಿನ ಹೊಸ ಸಿಮ್ ಬೇಕು, ಅದನ್ನು ಪಡೆದುಕೊಂಡೇ ಅರ್ಜಿಗೆ ಕೂರಿ.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಸರಿಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ. ವಿಚಾರಣೆಗೆ 14448. ಬ್ಯಾಂಕಿಗೆ ಕೊಟ್ಟ ಮೊದಲ ದೂರಿಗೆ ಮೊಹರು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ 30 ದಿನ ಯಾವತ್ತಿನಿಂದ ಶುರುವಾಯಿತು ಎಂಬುದನ್ನೇ ತೋರಿಸಲಾಗುವುದಿಲ್ಲ.